ಕಾರ್ಡಿಲ್ಲದ ಸಿಮ್ ಕಾರ್ಡು



ಕಳೆದ ವರ್ಷ ನಮ್ಮ ಶಾಲೆಯ ವಿಜ್ಞಾನ ಮಂಡಲದ ಸಭೆಯೊಂದರಲ್ಲಿ ಎಂಟನೆಯ ಇಯತ್ತೆಯ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೆ, ಇ-ಸಿಮ್ ಎಂದರೆ ಸಿಮ್ಮೇ ಹಾಕದ ಫೋನಂತೆ. ಹಾಗಾದರೆ ಆ ಫೋನಿಗೆ ನಂಬರು ಎಲ್ಲಿಂದ ಬರುತ್ತದೆ?” ಎಂದು ಕೇಳಿದನು. ಪ್ರಶ್ನೆ ಚಿಕ್ಕದು, ಆದರೆ ಅಂದು ನಾವು ಕೊಟ್ಟ ಉತ್ತರ ನಮಗೇ ಸಮಾಧಾನವನ್ನುಂಟುಮಾಡಲಿಲ್ಲ. ಮುಂದೆ ಕೆಲವೇ ತಿಂಗಳಲ್ಲಿ ನಮ್ಮ ಅಕ್ಕನ ಮನೆಯಲ್ಲಿಯೇ ಇದೇ ಇ-ಸಿಮ್ಮಿನ ದೆಸೆಯಿಂದ ಒಂದು ಪೇಚು ಒದಗಿ, ಅದರಲ್ಲಿ ನಮ್ಮ ಪಾಲೂ ಸ್ವಲ್ಪವಿದ್ದುದರಿಂದ, ವಿಷಯವನ್ನು ಬುಡದಿಂದ ತಿಳಿದುಕೊಳ್ಳಲೇಬೇಕಾಯಿತು. ಆ ಹುಡುಗನಿಗೆ ಉಳಿದ ಬಾಕಿಯನ್ನು ಈ ವಾರ್ಷಿಕ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ.

ಮೊದಲು ನೀವೆಲ್ಲರೂ ಕಣ್ಣಾರೆ ಕಂಡಿರುವ ಪ್ಲಾಸ್ಟಿಕ್ ಸಿಮ್ಮನ್ನೇ ನೋಡೋಣ. ಜಗತ್ತಿನ ಮೊದಲ ಸಿಮ್ ಕಾರ್ಡುಗಳನ್ನು 1991ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಗೀಸೆಕೆ ಮತ್ತು ಡೆವ್ರಿಯೆಂಟ್ ಎಂಬ ಕಂಪನಿಯು ತಯಾರಿಸಿ ಫಿನ್ಲೆಂಡಿನ ರೇಡಿಯೋಲಿನ್ಯಾ ಎಂಬ ದೂರವಾಣಿ ಕಂಪನಿಗೆ ಕೊಟ್ಟಿತು. ಆ ಕಾರ್ಡು ಇಂದಿನ ಎಟಿಎಮ್ ಕಾರ್ಡಿನಷ್ಟು ದೊಡ್ಡದು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಲದ ಮುಖ್ಯಮಂತ್ರಿಗಳಾಗಿದ್ದ ಜ್ಯೋತಿ ಬಸು ಅವರು ಕಲಕತ್ತೆಯಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿ ಮೊಬೈಲ್ ಫೋನಿಗೆ ಶ್ರೀಕಾರ ಹಾಕಿದರು. ಮುಂದೆ ಫೋನು ಸಣ್ಣದಾದಂತೆ ಕಾರ್ಡೂ ಕುಗ್ಗುತ್ತ ಬಂದು, 2012ರ ಹೊತ್ತಿಗೆ 12.3 ಮಿ.ಮೀ. ಉದ್ದ, 8.8 ಮಿ.ಮೀ. ಅಗಲದ ನ್ಯಾನೊ ಸಿಮ್ ಆಯಿತು. ಕುಗ್ಗಿದುದು ಪ್ಲಾಸ್ಟಿಕ್ಕೇ ಹೊರತು ಅದರೊಳಗಣ ವಿದ್ಯೆಯಲ್ಲ. ಅಂಚನ್ನೆಲ್ಲ ಕತ್ತರಿಸಿ ಹಾಕಿದರೂ ಕೆಲಸ ಕೆಡದ ವಸ್ತುವಿನಲ್ಲಿ ಅಂಚಿಗೆ ಬೆಲೆಯಿಲ್ಲವೆಂಬುದು ಸ್ಪಷ್ಟವಷ್ಟೆ.

ಬೆಲೆಯಿರುವುದು ನಡುವೆ ಹೊಳೆಯುವ ಆ ಹೊಂಬಣ್ಣದ ಚೂರಿಗೆ. ಅದೊಂದು ಅತಿ ಸಣ್ಣ ಗಣಕಯಂತ್ರ. ಅದರಲ್ಲಿ ಮುಖ್ಯವಾಗಿ ಎರಡು ಸಂಗತಿಗಳು ಅಡಗಿವೆ: ಒಂದು, ಹದಿನೈದು ಅಂಕಿಗಳವರೆಗಿನ ಒಂದು ಗುರುತು ಸಂಖ್ಯೆ, ಭಾರತದ ಸಿಮ್ಮುಗಳಲ್ಲಿ ಇದರ ಮೊದಲ ಮೂರು ಅಂಕಿಗಳು 404 ಅಥವಾ 405 ಆಗಿರುತ್ತವೆ. ಇನ್ನೊಂದು, ಯಾರಿಗೂ ತೋರಿಸದ ಒಂದು ಗುಪ್ತ ಕೀಲಿ. ಈ ಕೀಲಿ ಲೋಹದ್ದಲ್ಲ, ಅಂಕಿಗಳದು. ಅದು ಈ ಚೂರಿಗೂ ಅದನ್ನು ಕೊಟ್ಟ ಕಂಪನಿಯ ಯಂತ್ರಕ್ಕೂ ಮಾತ್ರ ಗೊತ್ತು.

ಇದನ್ನು ತಿಳಿಯಲು ರಾಮಾಯಣವನ್ನು ನೆನೆಯಿರಿ. ಅಶೋಕವನದಲ್ಲಿ ಹನುಮಂತನು ಸೀತೆಗೆ ರಾಮನ ಮುದ್ರೆಯುಂಗುರವನ್ನು ಕೊಟ್ಟನು. ಅವನು ಹಿಂದಿರುಗುವಾಗ ಸೀತೆಯು ಚೂಡಾಮಣಿಯನ್ನು ಕೊಟ್ಟಳು. ಅಷ್ಟೇ ಅಲ್ಲದೆ, ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಪೀಡಿಸಿದ ಪ್ರಸಂಗವನ್ನೂ ಹೇಳಿ ಕಳುಹಿದಳು. ಆಭರಣವನ್ನು ಯಾರಾದರೂ ಕಸಿದು ತರಬಹುದು. ಗಂಡಹೆಂಡಿರಿಬ್ಬರಿಗೇ ತಿಳಿದ ಸಂಗತಿಯನ್ನು ಕದಿಯುವುದು ಹೇಗೆ? ಪ್ಲಾಸ್ಟಿಕ್ ಕಾರ್ಡು ಉಂಗುರದಂತೆ; ಒಳಗಿನ ಕೀಲಿ ಆ ಕಾಗೆಯ ಕಥೆಯಂತೆ. ಭೇದವಿಷ್ಟೇ: ಸಿಮ್ಮು ತನ್ನ ಗುಟ್ಟನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ಕಂಪನಿಯ ಯಂತ್ರವು ಪ್ರತಿ ಸಲವೂ ಹೊಸದೊಂದು ಸಂಖ್ಯೆಯನ್ನು ಕಳಿಸುತ್ತದೆ. ಸಿಮ್ಮು ಆ ಸಂಖ್ಯೆಯನ್ನೂ ತನ್ನ ಕೀಲಿಯನ್ನೂ ಕೂಡಿಸಿ ಒಂದು ಕಠಿಣ ಲೆಕ್ಕ ಮಾಡಿ ಉತ್ತರವನ್ನಷ್ಟೇ ಕಳಿಸುತ್ತದೆ. ಕಂಪನಿಯೂ ಅದೇ ಲೆಕ್ಕವನ್ನು ತನ್ನಲ್ಲಿ ಮಾಡಿ, ಉತ್ತರ ತಾಳೆಯಾದರೆ, “ಸರಿ, ಇವನು ನಮ್ಮವನೇ” ಎಂದು ಒಳಗೆ ಬಿಡುತ್ತದೆ. ಹಾದಿಯಲ್ಲಿ ಕದ್ದು ಕೇಳಿದವನಿಗೆ ಪ್ರಶ್ನೆ ಸಿಕ್ಕೀತು, ಉತ್ತರ ಸಿಕ್ಕೀತು; ಕೀಲಿ ಸಿಕ್ಕದು. ಮರುದಿನ ಪ್ರಶ್ನೆಯೇ ಬೇರೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ತೊಡಕುಗಳೆಲ್ಲವೂ ಇದರಿಂದಲೇ ಬಿಡಿಸಿಬರುತ್ತವೆ. ನಿಮ್ಮ ತಂದೆಯವರ ಹತ್ತು ಅಂಕಿಗಳ ಮೊಬೈಲ್ ನಂಬರು ನಿಜವಾಗಿ ಇರುವುದು ಸಿಮ್ಮಿನಲ್ಲಲ್ಲ, ಕಂಪನಿಯ ಖಾತೆಪುಸ್ತಕದಲ್ಲಿ. ಆ ಪುಸ್ತಕದ ಒಂದು ಸಾಲಿನಲ್ಲಿ ಎಡಕ್ಕೆ ಈ ಹತ್ತು ಅಂಕಿಗಳು, ಬಲಕ್ಕೆ ಸಿಮ್ಮಿನ ಗುರುತು ಸಂಖ್ಯೆ ಬರೆದಿದೆಯೆಂದು ಭಾವಿಸಿರಿ. ಕಾರ್ಡು ಕಳೆದುಹೋಗಿ ಹೊಸದನ್ನು ತಂದಾಗ ಎಡಗಡೆಯದು ಹಾಗೆಯೇ ಉಳಿದು ಬಲಗಡೆಯದು ಬದಲಾಗುತ್ತದೆ. ಸಿಮ್ ಬದಲಿಸುವುದೆಂದರೆ ಇಷ್ಟೇ: ಒಂದು ಸಾಲಿನ ಅರ್ಧ ಭಾಗವನ್ನು ತಿದ್ದುವುದು. ತಿದ್ದಿದ ಮರುಕ್ಷಣ ಹಳೆಯ ಕಾರ್ಡು ಸತ್ತಂತೆ.

ಇನ್ನು ಇ-ಸಿಮ್. ಆ ಹೊಂಬಣ್ಣದ ಚೂರನ್ನು ಕಾರಖಾನೆಯಲ್ಲಿಯೇ ಫೋನಿನ ಒಳಹಲಗೆಗೆ ಬೆಸೆದುಬಿಟ್ಟರೆ ಅದೇ ಇ-ಸಿಮ್. ಆದುದರಿಂದ ಸಿಮ್ಮೇ ಇಲ್ಲದ ಫೋನೆಂಬ ಮಾತು ಸರಿಯಲ್ಲ. ಹೊರಗೆ ತೆಗೆಯಲಾಗದ ಸಿಮ್ಮುಳ್ಳ ಫೋನೆಂಬುದು ಸರಿ. ಬೆಸೆದಾಗ ಅದು ಬರಿದಾದ ಪೆಟ್ಟಿಗೆ. ಅದಕ್ಕೆ 32 ಅಂಕಿಗಳ ಇಐಡಿ ಎಂಬ ಒಂದು ಸಂಖ್ಯೆ ಮಾತ್ರವಿರುತ್ತದೆ. ಗುರುತು ಸಂಖ್ಯೆ, ಗುಪ್ತ ಕೀಲಿ ಇವೆಲ್ಲವನ್ನೂ ಒಂದು ಗಂಟು ಕಟ್ಟಿ, ಆ ಪೆಟ್ಟಿಗೆಯೊಂದೇ ಬಿಚ್ಚಬಲ್ಲಂತೆ ಮೊಹರು ಮಾಡಿ, ಕಂಪನಿಯು ಇಂಟರ್ನೆಟ್ಟಿನ ಮೂಲಕ ಕಳಿಸುತ್ತದೆ. ಈ ಗಂಟಿಗೆ ಪ್ರೊಫೈಲ್ ಎಂದು ಹೆಸರು. ಈ ವಿದ್ಯೆ ಸಾಮಾನ್ಯ ಗ್ರಾಹಕರಿಗೆ ಮೊದಲು ಒದಗಿದುದು 2016ರಲ್ಲಿ, ಅದೂ ಕೈಗಡಿಯಾರವೊಂದರಲ್ಲಿ. 2017ರಲ್ಲಿ ಗೂಗಲ್ ಪಿಕ್ಸೆಲ್ 2ರಲ್ಲಿಯೂ 2018ರಲ್ಲಿ ಐಫೋನ್ ಎಕ್ಸ್‌ಎಸ್‌ನಲ್ಲಿಯೂ ಅದು ಬಂದಿತು. 2022ರಿಂದ ಅಮೇರಿಕೆಯಲ್ಲಿ ಮಾರುವ ಐಫೋನ್ 14ರಲ್ಲಿ ಕಾರ್ಡಿನ ತಟ್ಟೆಯನ್ನೇ ತೆಗೆದುಹಾಕಿದರು. 2025ರ ಐಫೋನ್ 17ರಲ್ಲಿ ಕುವೈತ್, ಕತಾರ್, ಓಮಾನ್, ಸೌದಿ ಅರೇಬಿಯ, ಬಹರೇನ್, ದುಬಾಯಿ ಮುಂತಾದ ಕಡೆಗಳಲ್ಲಿ ಮಾರುವ ಫೋನುಗಳಿಗೂ ಇದೇ ಗತಿಯಾಯಿತು. ಕರಾವಳಿಯ ಕನ್ನಡಿಗರ ಮನೆಗಳಲ್ಲಿ ಕೊಲ್ಲಿ ನಾಡಿನಿಂದ ಒಬ್ಬರಾದರೂ ಫೋನು ತರುವವರಿರುತ್ತಾರೆ. ಆದುದರಿಂದ ಇದು ನಮಗೆ ದೂರದ ಮಾತಲ್ಲ.

ನಮ್ಮ ಅಕ್ಕನ ಮನೆಯ ಪ್ರಸಂಗವೂ ಹೀಗೆಯೇ ಆರಂಭವಾಯಿತು. ಭಾವನವರು ಡೊಂಬಿವಲಿಯಲ್ಲಿ ಒಂದು ಖಾನಾವಳಿ ನಡೆಸುತ್ತಾರೆ. ಅವರ ತಮ್ಮ ಅಮೇರಿಕೆಯಿಂದ ಬಂದವನು ಅಣ್ಣನಿಗೆಂದು ಒಂದು ಹೊಸ ಫೋನನ್ನು ತಂದನು. ಶನಿವಾರ ಸಂಜೆ ಭಾವನವರು ಕನ್ನಡಕ ಏರಿಸಿ, ಗುಂಡುಸೂಜಿ ಹಿಡಿದು, ಆ ಫೋನಿನ ನಾಲ್ಕೂ ಅಂಚುಗಳಲ್ಲಿ ತೂತು ಹುಡುಕುತ್ತ ಕುಳಿತಿದ್ದರು. ತಟ್ಟೆಯಿದ್ದರಲ್ಲವೆ ತೂತು! ಆಗ ಅಲ್ಲಿಗೆ ಹೋದ ನಾವು, ನಾಲ್ಕಕ್ಷರ ಬಲ್ಲವರೆಂಬ ಹಮ್ಮಿನಿಂದ, “ಇದರಲ್ಲೇನಿದೆ ಭಾವ, ಇ-ಸಿಮ್ ಮಾಡಿಸಿಬಿಡಿ, ಹತ್ತು ನಿಮಿಷದ ಕೆಲಸ” ಎಂದೆವು. ಆ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ನೋಡಬೇಕಾದುದು ಫೋನಿಗೆ ಆ ಪೆಟ್ಟಿಗೆ ಉಂಟೋ ಇಲ್ಲವೋ ಎಂಬುದನ್ನು. ಕರೆ ಮಾಡುವ ಜಾಗದಲ್ಲಿ *#06# ಎಂದು ಒತ್ತಿದರೆ ಕೆಲವು ಸಂಖ್ಯೆಗಳು ಕಾಣುತ್ತವೆ. ಅವುಗಳಲ್ಲಿ ಇಐಡಿ ಎಂಬುದಿದ್ದರೆ ಪೆಟ್ಟಿಗೆಯಿದೆ. ಅದು ಇದ್ದಿತು. ಎರಡನೆಯದು, ಕಂಪನಿಯಲ್ಲಿ ನೋಂದಾಯಿಸಿದ ಇಮೇಲ್ ವಿಳಾಸ. ಭಾವನವರು ಆ ನಂಬರನ್ನು ಕೊಂಡ ಕಾಲಕ್ಕೆ ಯಾವನೋ ಹುಡುಗನು ತನ್ನ ಇಮೇಲನ್ನೇ ಬರೆದುಕೊಟ್ಟಿದ್ದನಂತೆ! ಅದನ್ನು ತಿದ್ದಿಸುವುದರಲ್ಲಿಯೇ ಒಂದು ತಾಸು ಹೋಯಿತು. ಬಳಿಕ ಕೋರಿಕೆ ಕಳಿಸಿ, ಹಳೆಯ ಫೋನಿನ ಮೇಲೆ ಬಂದ ಸಂದೇಶಕ್ಕೆ ಒಪ್ಪಿಗೆ ಕೊಟ್ಟಾಗ, ಕ್ಯೂಆರ್ ಕೋಡ್ ಇಮೇಲಿಗೆ ಬಂದಿತು. ಭಾವನವರು ಸಂತೋಷದಿಂದ ಹೊಸ ಫೋನಿನಲ್ಲಿಯೇ ಆ ಇಮೇಲನ್ನು ತೆರೆದರು. ಈಗ ಅದನ್ನು ಯಾವ ಕ್ಯಾಮರಾದಿಂದ ನೋಡುವುದು? ತನ್ನ ಬೆನ್ನನ್ನು ತಾನು ನೋಡಿಕೊಳ್ಳುವ ಸಾಹಸವದು. ಕೋಡನ್ನು ಬೇರೊಂದು ಫೋನಿನಲ್ಲಿ ತೆರೆಯಬೇಕು, ಇಲ್ಲವೆ ಕಾಗದದ ಮೇಲೆ ಅಚ್ಚು ಮಾಡಿಸಬೇಕು. ಅದೂ ಆಗದಿದ್ದರೆ ಜೊತೆಗೆ ಕೊಟ್ಟ ವಿಳಾಸವನ್ನೂ ಸಂಕೇತವನ್ನೂ ಅಕ್ಷರ ಅಕ್ಷರವಾಗಿ ಕೈಯಿಂದ ಬರೆಯಬೇಕು. ಕೊನೆಗೆ ಅಕ್ಕನ ಫೋನು ನೆರವಿಗೆ ಬಂದಿತು. ಮನೆಯಲ್ಲಿ ವೈಫೈ ಇದ್ದುದು ಪುಣ್ಯ. ಏಕೆಂದರೆ ಹೊಸ ಫೋನಿಗೆ ಇನ್ನೂ ನಂಬರಿಲ್ಲ, ನಂಬರಿಲ್ಲದೆ ಇಂಟರ್ನೆಟ್ಟಿಲ್ಲ, ಇಂಟರ್ನೆಟ್ಟಿಲ್ಲದೆ ಗಂಟು ಇಳಿಯದು. ರಾತ್ರಿ ಎಂಟರ ಸುಮಾರಿಗೆ ಹಳೆಯ ಕಾರ್ಡು ಮೌನ ತಾಳಿತು; ಹೊಸ ಫೋನಿನ ಮೂಲೆಯಲ್ಲಿ ಗೆರೆಗಳು ಮೂಡಿದವು. ಅಕ್ಕ ಎಲ್ಲರಿಗೂ ಕೇಸರಿಬಾತು ಬಡಿಸಿದಳು.

ಈ ಕ್ಯೂಆರ್ ಕೋಡಿನ ವಿಷಯದಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಆ ಕರಿಬಿಳಿ ಚೌಕದಲ್ಲಿ ಸಿಮ್ಮು ಅಡಗಿಲ್ಲ. ಅದರಲ್ಲಿರುವುದು ಕಂಪನಿಯ ಉಗ್ರಾಣದ ವಿಳಾಸ, ಮತ್ತು ನಿಮ್ಮ ಗಂಟಿನ ರಸೀದಿ ನಂಬರು. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ರಸೀದಿ ತೋರಿಸಿ ಮಾವಿನ ಪೆಟ್ಟಿಗೆಯನ್ನು ಬಿಡಿಸಿಕೊಂಡು ಬಂದ ಮೇಲೆ ಅದೇ ರಸೀದಿಯನ್ನು ಮತ್ತೆ ತೋರಿಸಿದರೆ ಇನ್ನೊಂದು ಪೆಟ್ಟಿಗೆ ಕೊಡುವರೆ? ಇಲ್ಲಿಯೂ ಹಾಗೆಯೇ. ಸಾಮಾನ್ಯವಾಗಿ ಒಂದು ಕೋಡು ಒಂದೇ ಸಲ, ಒಂದೇ ಫೋನಿಗೆ. ಇಳಿಸಿಕೊಂಡ ಮೇಲೆ ಅದನ್ನು ಜೋಪಾನವಾಗಿ ಕಾದಿಟ್ಟು ಪ್ರಯೋಜನವಿಲ್ಲ.

ಇದನ್ನು ತಿಳಿಯದುದರ ಫಲ ಭಾನುವಾರ ಬೆಳಿಗ್ಗೆ ಕಂಡಿತು. ಅಕ್ಕನ ಚಿಕ್ಕ ಮಗನು ಹೊಸ ಫೋನನ್ನು ಹಿಡಿದು ಅದರ ಒಳಹೊರಗನ್ನೆಲ್ಲ ಪರಿಶೀಲಿಸುತ್ತಿದ್ದವನು, ‘ಇ-ಸಿಮ್ ಅಳಿಸು’ ಎಂಬರ್ಥದ ಸಾಲೊಂದನ್ನು ಕಂಡು, “ಕೋಡು ಇಮೇಲಿನಲ್ಲಿ ಇದ್ದೇ ಇದೆಯಲ್ಲ, ಅಳಿಸಿ ಮತ್ತೆ ಹಾಕಿ ನೋಡೋಣ” ಎಂದು ಒತ್ತಿಬಿಟ್ಟನು. ಅವನನ್ನು ಬೈದು ಫಲವಿಲ್ಲ. ಪ್ರಯೋಗಬುದ್ಧಿಯನ್ನು ಕಲಿಸಿದವರು ನಾವೇ. ಲೈನನ್ನು ಬಂದ್ ಮಾಡುವುದು ಬೇರೆ, ಅಳಿಸುವುದು ಬೇರೆ. ಬಂದ್ ಮಾಡಿದರೆ ಗಂಟು ಪೆಟ್ಟಿಗೆಯೊಳಗೇ ಇರುತ್ತದೆ, ಬೇಕಾದಾಗ ಮತ್ತೆ ತೆರೆಯಬಹುದು. ಅಳಿಸಿದರೆ ಗಂಟೇ ಹೋಯಿತು. ಫೋನಿನ ಬೇರೆ ಸರಕುಗಳಂತೆ ಇದರ ನಕಲು ಬ್ಯಾಕಪ್ಪಿನಲ್ಲಿಯೂ ಇರುವುದಿಲ್ಲ. ನಕಲು ಮಾಡಲು ಬಾರದಿರುವುದೇ ಸಿಮ್ಮಿನ ಹಿರಿಮೆಯಲ್ಲವೆ? ಕೋಡನ್ನು ಮತ್ತೆ ತೋರಿಸಿದರೆ ಫೋನು ಅದನ್ನು ಒಪ್ಪಲಿಲ್ಲ.

ಭಾವನವರು ಆಧಾರ್ ಕಾರ್ಡು ಹಿಡಿದು ಕಂಪನಿಯ ಅಂಗಡಿಗೆ ಓಡಿದರು. ಭಾನುವಾರದ ನೂಕುನುಗ್ಗಲಿನಲ್ಲಿ ಅವರ ಸರದಿ ಬಂದುದು ನಾಲ್ಕೂವರೆಗೆ. ಹೊಸ ಕೋಡಿನಿಂದ ಲೈನು ಜೀವ ಪಡೆದುದು ಐದೂವರೆಗೆ. ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಲೂ ಇರಲಿಲ್ಲ.

ಭಾರತದಲ್ಲಿ ಒಂದು ನಿಯಮವುಂಟು: ಸಿಮ್ ಬದಲಾದ ಮೇಲೆ 24 ತಾಸುಗಳವರೆಗೆ ಆ ನಂಬರಿಗೆ ಎಸ್‌ಎಮ್‌ಎಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ಕರೆಗಳು ನಡೆಯುತ್ತವೆ, ಇಂಟರ್ನೆಟ್ ನಡೆಯುತ್ತದೆ, ವಾಟ್ಸಪ್ಪೂ ನಡೆಯುತ್ತದೆ; ಆದುದರಿಂದ ಎಲ್ಲವೂ ಸರಿಯಿದೆಯೆಂದೇ ತೋರುತ್ತದೆ. ಅಕ್ಕನ ಮಗಳು ಅದೇ ವರ್ಷ ಹತ್ತನೆಯ ಇಯತ್ತೆಯನ್ನು ಮುಗಿಸಿ, ಹನ್ನೊಂದನೆಯದರ ಪ್ರವೇಶದ ಅರ್ಜಿಯನ್ನು ಗಣಕಯಂತ್ರದ ಮೇಲೆ ತುಂಬುತ್ತಿದ್ದಳು. ಸೋಮವಾರ ಸಂಜೆ ಐದು ಗಂಟೆಗೆ ಗಡುವು. ಕಾಲೇಜುಗಳ ಹೆಸರನ್ನೆಲ್ಲ ಆರಿಸಿಟ್ಟಿದ್ದಳು; ಕೊನೆಯ ಗುಂಡಿಯನ್ನು ಒತ್ತಿದಾಗ ತಂದೆಯ ನಂಬರಿಗೆ ಒಟಿಪಿ ಬರಬೇಕು. ಬರಲಿಲ್ಲ. ಎರಡು ಸಲ, ನಾಲ್ಕು ಸಲ, ಹತ್ತು ಸಲ ಒತ್ತಿದಳು. ಬೇರೆ ನಂಬರನ್ನು ಕೊಡೋಣವೆಂದರೆ, ನಂಬರು ಬದಲಿಸುವುದಕ್ಕೂ ಹಳೆಯ ನಂಬರಿನ ಒಟಿಪಿಯೇ ಬೇಕು! ಶನಿವಾರದ ಬದಲಾವಣೆಯೊಂದೇ ಆಗಿದ್ದರೆ 24 ತಾಸು ಭಾನುವಾರ ರಾತ್ರಿಗೇ ತೀರುತ್ತಿತ್ತು. ಅಳಿಸಿ ಮತ್ತೆ ಮಾಡಿಸಿದುದರಿಂದ ಎಣಿಕೆ ಹೊಸದಾಗಿ ಆರಂಭವಾಯಿತು. ಸೋಮವಾರ ಐದು ಗಂಟೆಗೆ ಅರ್ಜಿಯ ಬಾಗಿಲು ಮುಚ್ಚಿತು. ಐದೂ ನಲವತ್ತಕ್ಕೆ ಮೊದಲ ಎಸ್‌ಎಮ್‌ಎಸ್ ಬಂದಿತು. ಅದು ಸಾಲ ಕೊಡುತ್ತೇವೆಂಬ ಯಾವುದೋ ಜಾಹೀರಾತು.

ಎರಡನೆಯ ಸುತ್ತಿನಲ್ಲಿ ಅವಳಿಗೆ ಪ್ರವೇಶ ದೊರೆಯಿತು. ಆದರೆ ಮನೆಯ ಬಳಿಯ ಕಾಲೇಜಿಗೆ ನಡೆದುಹೋಗಬೇಕಾಗಿದ್ದ ಹುಡುಗಿ ಈಗ ಬೆಳಗಿನ ಆರಕ್ಕೆ ಮೊದಲೇ ಮನೆ ಬಿಟ್ಟು, ಠಾಣೆಯಲ್ಲಿ ಗಾಡಿ ಬದಲಿಸಿ, ವಾಶಿಗೆ ಹೋಗುತ್ತಾಳೆ. ಅವಳು ಒಂದು ದಿನವೂ ನಮ್ಮನ್ನು ದೂರಲಿಲ್ಲ. ಸಿಮ್ ಬದಲಿಸಬೇಕೆಂದಿರುವವರು ಮುಂದಿನ ಎರಡು ಮೂರು ದಿನಗಳಲ್ಲಿ ಪರೀಕ್ಷೆ, ಅರ್ಜಿ, ಬ್ಯಾಂಕು, ಪ್ರಯಾಣ ಯಾವುದಾದರೂ ಇದೆಯೇ ಎಂದು ಪಂಚಾಂಗ ನೋಡುವಂತೆ ನೋಡಬೇಕೆಂದು ಇಂದು ನಾವು ಎಲ್ಲರಿಗೂ ಹೇಳುತ್ತಿದ್ದೇವೆ. ಅಂದು ಭಾವನವರಿಗೆ ಹೇಳಲಿಲ್ಲ.

ಇಂಥ ಕಾಟದ ನಿಯಮವನ್ನು ಏಕೆ ಮಾಡಿದರೆಂದು ನೀವು ಕೇಳಬಹುದು. ಖಾತೆಪುಸ್ತಕದ ಆ ಒಂದು ಸಾಲನ್ನು ನೆನಪಿಗೆ ತಂದುಕೊಳ್ಳಿರಿ. ಮೋಸಗಾರನಿಗೆ ನಿಮ್ಮ ಫೋನನ್ನು ಕದಿಯುವ ಅವಶ್ಯಕತೆಯಿಲ್ಲ. ಆ ಸಾಲಿನ ಬಲಗಡೆಯಲ್ಲಿ ತನ್ನ ಸಿಮ್ಮಿನ ಸಂಖ್ಯೆ ಬರುವಂತೆ ಮಾಡಿದರೆ ಸಾಕು. ಆಮೇಲೆ ನಿಮ್ಮ ನಂಬರಿಗೆ ಬರುವ ಕರೆಗಳೂ ಬ್ಯಾಂಕಿನ ಒಟಿಪಿಗಳೂ ಅವನ ಫೋನಿಗೆ ಹೋಗುತ್ತವೆ. ಹಿಂದೆ ಇದಕ್ಕಾಗಿ ಅವನು ಅಂಗಡಿಗೆ ಬಂದು ಸುಳ್ಳು ಕಾಗದಪತ್ರ ತೋರಿಸಿ ಕಾರ್ಡು ಪಡೆಯಬೇಕಾಗುತ್ತಿತ್ತು. ಇ-ಸಿಮ್ಮಿನಲ್ಲಿ ಕುಳಿತಲ್ಲಿಂದಲೇ ಸಾಧ್ಯ. “ನಾವು ಕಂಪನಿಯವರು, ನಿಮ್ಮ ಸಿಮ್ ಇಂದು ಬಂದಾಗುತ್ತದೆ, ಬರುವ ಸಂದೇಶಕ್ಕೆ ಒಪ್ಪಿಗೆ ಕೊಡಿ, ಒಟಿಪಿ ಹೇಳಿ” ಎಂದು ನಯವಾಗಿ ಮಾತನಾಡುತ್ತಾನೆ. ಆ ಒಪ್ಪಿಗೆಯೇ ಇ-ಸಿಮ್ಮಿಗೆ ಬದಲಿಸುವ ಒಪ್ಪಿಗೆ; ಕ್ಯೂಆರ್ ಕೋಡು ಅವನ ಕೈಸೇರುತ್ತದೆ. ನಿಮ್ಮ ಮನೆಯ ಫೋನಿನಲ್ಲಿ ಗೆರೆಗಳು ಮಾಯವಾಗುತ್ತವೆ. 24 ತಾಸುಗಳ ತಡೆಯು ಇಂಥವನ ಕೈಗೆ ಕೂಡಲೇ ಒಟಿಪಿ ಸಿಕ್ಕದಂತೆ ಮಾಡಿದ ಅಡ್ಡಗೋಡೆ. ಇದೇ ಕಾರಣದಿಂದ 2024ರ ಜುಲೈ 1ರಿಂದ, ಸಿಮ್ ಬದಲಾದ ಏಳು ದಿನಗಳೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಒಯ್ಯಲೂ ಬರುವುದಿಲ್ಲ.

ಆದುದರಿಂದ, ನೀವು ಕೇಳದೆಯೇ ಇ-ಸಿಮ್ಮಿನ ಸಂದೇಶ ಬಂದರೆ, ಅಥವಾ ಸುತ್ತಲಿನವರ ಫೋನುಗಳೆಲ್ಲ ನಡೆಯುತ್ತಿದ್ದು ನಿಮ್ಮ ಮನೆಯದೊಂದೇ ಏಕಾಏಕಿ ಮೌನವಾದರೆ, “ಟವರ್ ಇಲ್ಲ” ಎಂದು ಸುಮ್ಮನಿರಬೇಡಿರಿ. ಬೇರೆ ಫೋನಿನಿಂದ ಕಂಪನಿಗೂ ಬ್ಯಾಂಕಿಗೂ ಕೂಡಲೇ ತಿಳಿಸಿ ಎರಡನ್ನೂ ತಡೆಹಿಡಿಸಬೇಕು. ಹಣ ಹೋಗಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಹೇಳಬೇಕು. ನಮ್ಮ ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಯರ ಫೋನಿನ ಸಂದೇಶಗಳನ್ನು ಓದಿಹೇಳುವವರು ನೀವೇ. ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಗಡಿಬಿಡಿಯಿಂದ ಮಾತನಾಡುವ ಅಪರಿಚಿತನಿಗೆ ಅವರು ಅಂಜಿ “ಹೂಂ” ಎನ್ನುವ ಮೊದಲು ಫೋನನ್ನು ನೀವು ಇಸಿದುಕೊಳ್ಳಿರಿ.

ಉಳಿದ ತೊಡಕುಗಳು ಸಣ್ಣವು. ಒಂದೇ ಫೋನಿನಲ್ಲಿ ಎರಡು ಲೈನುಗಳಿದ್ದಾಗ ಇಂಟರ್ನೆಟ್ಟಿಗೆ ಯಾವುದು, ಕರೆಗೆ ಯಾವುದು ಎಂದು ಆರಿಸಿರಬೇಕು. ಬಂದ್ ಮಾಡಿದ ಲೈನನ್ನೇ ಇಂಟರ್ನೆಟ್ಟಿಗೆ ಆರಿಸಿಟ್ಟು “ನೆಟ್ ಬರುತ್ತಿಲ್ಲ” ಎನ್ನುವವರನ್ನು ಕಂಡಿದ್ದೇವೆ. ಫೋನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡುವಾಗ ‘ಇ-ಸಿಮ್ಮನ್ನೂ ಅಳಿಸಬೇಕೆ’ ಎಂದು ಅದು ಕೇಳೀತು, ಮಾರುವುದಿಲ್ಲವಾದರೆ ಬೇಡವೆನ್ನಬೇಕು. ರಿಪೇರಿಯಲ್ಲಿ ಒಳಹಲಗೆಯನ್ನೇ ಬದಲಿಸಿದರೆ ಪೆಟ್ಟಿಗೆಯೂ ಇಐಡಿಯೂ ಬದಲಾದಂತೆ. ಗಂಟನ್ನು ಮತ್ತೆ ತರಿಸಬೇಕು.

ಹಾಗಾದರೆ ಇದು ಒಳ್ಳೆಯದೋ ಕೆಟ್ಟದೋ? ಕಳ್ಳನು ಫೋನು ಕದ್ದು ಕಾರ್ಡನ್ನು ಕಿತ್ತೆಸೆಯಲಾರನು, ಅದು ಒಂದು ಲಾಭ. ಪರದೇಶಕ್ಕೆ ಹೋದವರು ಅಲ್ಲಿಯ ಲೈನನ್ನು ಇಲ್ಲಿಂದಲೇ ಇಳಿಸಿಕೊಂಡು ಹೋಗಬಹುದು, ಅದೂ ಲಾಭವೇ. ಆದರೆ ಲೋಕಲ್ ಗಾಡಿಯಿಂದ ಫೋನು ಬಿದ್ದು ಪುಡಿಯಾದರೆ, ಅದರಿಂದ ಕಾರ್ಡು ತೆಗೆದು ಪಕ್ಕದವನ ಫೋನಿಗೆ ಹಾಕಿ ಮನೆಗೆ ಸುದ್ದಿ ತಿಳಿಸುವ ಅನುಕೂಲ ಇದರಲ್ಲಿಲ್ಲ. ಎರಡಕ್ಕೂ ಅವಕಾಶವಿರುವ ಫೋನಿನಲ್ಲಿ ಬ್ಯಾಂಕಿನ ನಂಬರನ್ನು ಕಾರ್ಡಿನಲ್ಲಿಯೇ ಇಟ್ಟು, ಎರಡನೆಯ ನಂಬರನ್ನು ಬೇಕಾದರೆ ಇ-ಸಿಮ್ ಮಾಡಿಸಬಹುದೆಂದು ನಮ್ಮ ಅಭಿಪ್ರಾಯ. ಭಾವನವರಿಗೆ ಆ ಅವಕಾಶವಿರಲಿಲ್ಲ.

ಇನ್ನೊಂದು ಮಾತು ಬಿಟ್ಟೇಹೋಗುತ್ತಿತ್ತು. ಹಳೆಯ ಕಾರ್ಡುಗಳಲ್ಲಿ ಹೆಸರು ನಂಬರುಗಳನ್ನು ಬರೆದಿಡುವ ಜಾಗವಿರುತ್ತದೆ. ಇ-ಸಿಮ್ ಮಾಡಿಸಿದಾಗ ಅವು ತಾವಾಗಿ ಹೊಸ ಫೋನಿಗೆ ಬರುವುದಿಲ್ಲ. ಭಾವನವರ ತರಕಾರಿಯವನು, ಹಾಲಿನವನು, ಗ್ಯಾಸಿನವನು, ಊರಿನ ನಂಟರು ಎಲ್ಲರೂ ಆ ಕಾರ್ಡಿನಲ್ಲಿಯೇ ಉಳಿದಿದ್ದರು. ಅದೃಷ್ಟಕ್ಕೆ ಅದನ್ನು ಎಸೆದಿರಲಿಲ್ಲ. ಲೈನು ಸತ್ತರೂ ಅದರೊಳಗಿನ ಬರಹ ಸಾಯದು. ವಾಶಿಗೆ ಹೋಗಲಾರಂಭಿಸಿದ ಮೊದಲ ವಾರದ ರಜೆಯಲ್ಲಿ ಅಕ್ಕನ ಮಗಳು ಅದನ್ನು ಹಳೆಯ ಫೋನಿಗೆ ಹಾಕಿ, ಅಷ್ಟೂ ಹೆಸರುಗಳನ್ನು ಒಂದೊಂದಾಗಿ ಹೊಸದಕ್ಕೆ ಇಳಿಸಿಕೊಟ್ಟಳು. ಕಾರ್ಡು ಈಗ ಖಾನಾವಳಿಯ ಗಲ್ಲಾಪೆಟ್ಟಿಗೆಯಲ್ಲಿದೆ.